ನೀರು ಬಿಡಲಾಗಲಿಲ್ಲ, ಬಿಡದವರು ಯಾರು?

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ವಿತರಣಾ ನಾಲೆಯ ದುರಸ್ತಿ ಕಾಮಗಾರಿಯನ್ನು ಕೈಗೊಳ್ಳಲಾಗಿದ್ದು, ತಾಂತ್ರಿಕ ಕಾರಣಗಳಿಂದ ನಿಗದಿತ ಅವಧಿಯಲ್ಲಿ ನೀರು ಬಿಡಲಾಗಲಿಲ್ಲ. ಮುಂದಿನ ದಿನಗಳಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು ಎಂದು ಈ ಮೂಲಕ ತಿಳಿಯಪಡಿಸಲಾಗಿದೆ.’

ಇದು ಯಾವ ಕಚೇರಿಯ ನೋಟಿಸು ಎಂದು ಹುಡುಕಲು ಹೋಗಬೇಡಿ, ಮಾದರಿಗೆಂದು ನಾನೇ ಹೊಸೆದ ಒಕ್ಕಣೆ. ಆದರೂ ವಿಶ್ವೇಶ್ವರಯ್ಯ ನಾಲೆಯನ್ನು ನಂಬಿಕೊಂಡು ಭತ್ತ, ಕಬ್ಬು ಹಾಕುವ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಯಾವ ರೈತನಿಗೆ ಓದಿ ಹೇಳಿದರೂ ‘ಇದ್ನ ಎಲ್ಲೋ ಕೇಳಿವ್ನಿ ಕಣಪ್ಪ’ ಎನ್ನುತ್ತಾನೆ. ಅದರಲ್ಲೂ ನಾಲೆಯ ಕೊನೆ ಭಾಗದವರಿಗೆ ಈ ಧಾಟಿ ಬಾಯಿಪಾಠ.

ಎರಡು ವಾಕ್ಯದಲ್ಲಿ ನಾಲ್ಕು ಕೆಲಸಗಳ ಪ್ರಸ್ತಾಪವಿದೆ, ಕೆಲಸದವರು ಒಬ್ಬರೂ ಇಲ್ಲ. ದುರಸ್ತಿ ಕೈಗೊಂಡವರು ಯಾರು, ನೀರು ಬಿಡದವರು ಯಾರು, ಕ್ರಮ ಜರುಗಿಸುವವರು ಯಾರು, ಅದು ಯಾರ ಮೇಲೆ? ಹೋಗಲಿ, ಇಷ್ಟೆಲ್ಲ ತಿಳಿಯಪಡಿಸುತ್ತಿರುವವರಾದರೂ ಯಾರು? ಇಷ್ಟಾದರೂ ಇದರಲ್ಲಿ ವ್ಯಾಕರಣದ ತಪ್ಪು ಒಂದೂ ಸಿಗುವುದಿಲ್ಲ. ಕಾಗುಣಿತ ಸರಿ, ವಿಭಕ್ತಿ ಸರಿ. ಕಂಪ್ಯೂಟರಿನ ಕಾಗುಣಿತ ಪರೀಕ್ಷಕ ಇದರ ಅಡಿಗೆ ಒಂದು ಕೆಂಪು ಗೆರೆಯನ್ನೂ ಎಳೆಯುವುದಿಲ್ಲ. ಬರಹ ತಪ್ಪಾಗಿಲ್ಲ, ಸಡಿಲವಾಗಿದೆ. ಕಾಗುಣಿತದ ತಪ್ಪನ್ನು ಹಿಡಿಯಲು ಒಂದು ಪದಕೋಶ ಸಾಕು. ಸಡಿಲವನ್ನು ಹಿಡಿಯಬೇಕಾದರೆ ವಾಕ್ಯವನ್ನು ಬಿಚ್ಚಿ, ಯಾವ ಪದಕ್ಕೆ ಯಾವುದು ನಂಟು ಎಂದು ನೋಡಬೇಕು. ಕಂಪ್ಯೂಟರಿನಲ್ಲಿ ಈ ಬಿಚ್ಚುವ ಕೆಲಸ ಮಾಡುವ ಸಲಕರಣೆಗೆ ಪಾರ್ಸರ್ ಎಂದು ಹೆಸರು.

ಇಂಗ್ಲಿಷಿನವರಿಗೆ ಇದು ಹಳೆಯ ಸಂಗತಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ ಲೊರಿಂಡಾ ಚೆರಿ ಮತ್ತು ಸಂಗಡಿಗರು ಯೂನಿಕ್ಸ್ ವ್ಯವಸ್ಥೆಗೆಂದು ‘ಸ್ಟೈಲ್’, ‘ಡಿಕ್ಷನ್’ ಎಂಬ ಎರಡು ಪ್ರೋಗ್ರಾಂ ಸಿದ್ಧಪಡಿಸಿದರು. ಆಮೇಲೆ ಅವು ‘ರೈಟರ್ಸ್ ವರ್ಕ್‌ಬೆಂಚ್’ ಎಂಬ ದೊಡ್ಡ ಕಟ್ಟಿನೊಳಗೆ ಸೇರಿದವು. ‘ಡಿಕ್ಷನ್’ ಬಳಿ ಸವಕಲು ನುಡಿಗಟ್ಟುಗಳ ಒಂದು ಪಟ್ಟಿ ಇತ್ತು. ಬರಹದಲ್ಲಿ ಅವು ಕಂಡರೆ ಗುರುತು ಹಾಕುತ್ತಿತ್ತು. ‘ಸ್ಟೈಲ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪದಗಳ ಕೊನೆ ನೋಡಿ ಇದು ನಾಮಪದ, ಇದು ಕ್ರಿಯಾಪದ ಎಂದು ಊಹಿಸಿ, ಕರ್ಮಣಿ ಪ್ರಯೋಗ ಎಷ್ಟು, ವಾಕ್ಯದ ಉದ್ದ ಎಷ್ಟು ಎಂದು ಲೆಕ್ಕ ಒಪ್ಪಿಸುತ್ತಿತ್ತು. 2013ರಲ್ಲಿ ಬಂದ ‘ಹೆಮಿಂಗ್ವೇ’ ಎಂಬ ಆ್ಯಪ್ ಮಾಡುವುದೂ ಸುಮಾರಾಗಿ ಅದನ್ನೇ, ಬಣ್ಣ ಹಚ್ಚಿ: ಕರ್ಮಣಿಗೆ ಹಸಿರು, ತೀರಾ ಜಟಿಲವಾದ ವಾಕ್ಯಕ್ಕೆ ಕೆಂಪು.

ಹಾಗಾದರೆ ಇದೇ ಯಂತ್ರವನ್ನು ತಂದು ಕನ್ನಡಕ್ಕೆ ಹೂಡಿದರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೂಡಿದರೆ ನೊಗ ಕೂರುವುದಿಲ್ಲ. ಮೊದಲನೆಯ ತೊಡಕು ಎಣಿಕೆಯದು. ಇಂಗ್ಲಿಷಿನಲ್ಲಿ ಓದು ಎಷ್ಟು ಕಷ್ಟ ಎಂದು ಅಳೆಯಲು ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಸೂತ್ರವನ್ನು ಇವತ್ತಿಗೂ ಬಳಸುತ್ತಾರೆ. ವಾಕ್ಯದಲ್ಲಿ ಪದ ಹೆಚ್ಚಾದಷ್ಟೂ, ಪದದಲ್ಲಿ ಉಚ್ಚಾರದ ತುಂಡುಗಳು ಹೆಚ್ಚಾದಷ್ಟೂ ಬರಹ ಕಠಿಣ ಎನ್ನುವುದು ಅದರ ತತ್ವ. ಮದ್ದೂರಿನ ಸಂತೆಯಲ್ಲಿ ನಿಂತವರೊಬ್ಬರು ‘ಬರಬೇಕಾಗಿತ್ತಂತಲ್ಲ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಅದು ಎಂಟು ಅಕ್ಷರದ ಒಂದೇ ಪದ. ಫ್ಲೆಶ್ ಸೂತ್ರದ ಪ್ರಕಾರ ಇದು ವಿದ್ವಾಂಸರು ಮಾತ್ರ ಓದಬಹುದಾದ ಭಾಷೆ. ನಿಜದಲ್ಲಿ ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಬರ, ಬೇಕು, ಆಗು, ಇತ್ತು, ಅಂತೆ, ಅಲ್ಲ ಎಂಬ ಆರು ತುಂಡು ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಬಂದಿಲ್ಲ, ಬರಬೇಕಿತ್ತು, ನಾನು ಕಣ್ಣಾರೆ ಕಂಡದ್ದಲ್ಲ, ಯಾರೋ ಹೇಳಿದ್ದು, ನಿನಗೂ ಗೊತ್ತಿರಬೇಕು, ಇಷ್ಟೂ ಅದರೊಳಗಿದೆ. ಕನ್ನಡದಲ್ಲಿ ಪದದ ಉದ್ದ ಕಷ್ಟದ ಗುರುತಾಗುವುದಿಲ್ಲ.

ಹಾಗಾಗಿ ಕನ್ನಡದ ಪಾರ್ಸರ್ ಮೊದಲು ಪದವನ್ನೇ ಬಿಡಿಸಬೇಕು, ವಾಕ್ಯದ ಸರದಿ ಆಮೇಲೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಕೆ. ನಾರಾಯಣ ಮೂರ್ತಿಯವರು ಕನ್ನಡ ಪದಗಳನ್ನು ಹೀಗೆ ಬಿಡಿಸುವ ವ್ಯವಸ್ಥೆಯ ಮೇಲೆ 1990ರ ದಶಕದಲ್ಲೇ ಕೆಲಸ ಮಾಡಿದ್ದಾರೆ. ಮಂಡ್ಯಕ್ಕೆ ಪಕ್ಕದ ಮೈಸೂರು ವಿಶ್ವವಿದ್ಯಾಲಯದಿಂದ ಟಿ.ಎನ್. ವಿಕ್ರಮ್ ಮತ್ತು ಶಾಲಿನಿ ಅರಸ್ ಅವರ ಪ್ರಾಯೋಗಿಕ ಪದವಿಶ್ಲೇಷಕ 2007ರಲ್ಲಿ ಬಂತು. ಐಐಟಿ ಕಾನ್ಪುರದಲ್ಲಿ ಹುಟ್ಟಿದ ‘ಅನುಸಾರಕ’ ಯೋಜನೆ ಕನ್ನಡವನ್ನು ಹಿಂದಿಗೆ ಒಯ್ಯಲು ಹೊರಟಾಗಲೂ ಮೊದಲ ಕೆಲಸ ಪದ ಬಿಡಿಸುವುದೇ ಆಗಿತ್ತು. ಇವೆಲ್ಲ ಸಂಶೋಧನೆಯ ಮೆಟ್ಟಿಲಲ್ಲೇ ನಿಂತವು. ಕಚೇರಿಯ ಗುಮಾಸ್ತನ ಮೇಜಿಗಾಗಲಿ, ಪತ್ರಿಕೆಯ ಉಪಸಂಪಾದಕನ ಮೇಜಿಗಾಗಲಿ ಇಳಿದು ಬರಲಿಲ್ಲ.

ಒಂದು ಅನುಕೂಲವನ್ನೂ ಹೇಳಿಬಿಡಬೇಕು. ಪದದ ಕೊನೆ ನೋಡಿ ಜಾತಿ ಗುರುತಿಸುವ ಚೆರಿಯವರ ಉಪಾಯ ಇಂಗ್ಲಿಷಿಗಿಂತ ಕನ್ನಡಕ್ಕೇ ಚೆನ್ನಾಗಿ ಒಗ್ಗುತ್ತದೆ. ಇಂಗ್ಲಿಷಿನ ಪದಗಳ ಬಾಲ ಬಹುಪಾಲು ಉದುರಿಹೋಗಿದೆ. ನಮ್ಮಲ್ಲಿ ಪ್ರತಿ ಪದವೂ ಬೆನ್ನಿಗೆ ಚೀಟಿ ಅಂಟಿಸಿಕೊಂಡು ಓಡಾಡುತ್ತದೆ. ‘ಅನ್ನು’ ಕಂಡರೆ ಕರ್ಮ, ‘ಇಂದ’ ಕಂಡರೆ ಕರಣ, ‘ಗೆ’ ಕಂಡರೆ ಸಂಪ್ರದಾನ. ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮೊದಲಾದವರು ಭಾರತೀಯ ಭಾಷೆಗಳ ಪಾರ್ಸಿಂಗಿಗೆ ಪಾಣಿನಿಯ ಕಾರಕಗಳನ್ನೇ ಆಧಾರ ಮಾಡಿಕೊಂಡದ್ದು ಇದೇ ಕಾರಣಕ್ಕೆ. 1995ರಲ್ಲಿ ಬಂದ ಅವರ ಪುಸ್ತಕ ಈ ದಾರಿಯಲ್ಲಿ ದುಡಿಯುವವರಿಗೆ ಇಂದಿಗೂ ಮೊದಲ ಓದು. ಈ ಪದ್ಧತಿಯಲ್ಲಿ ವಾಕ್ಯವನ್ನು ಬಿಡಿಸುವುದೆಂದರೆ ಕ್ರಿಯಾಪದವನ್ನು ನಡುವೆ ನಿಲ್ಲಿಸಿ ಅದಕ್ಕೆ ಪ್ರಶ್ನೆ ಹಾಕುವುದು: ಯಾರು, ಯಾರನ್ನು, ಯಾವುದರಿಂದ, ಯಾರಿಗೆ, ಎಲ್ಲಿ. ಉತ್ತರ ಸಿಕ್ಕ ಕಡೆಯೆಲ್ಲ ಗೆರೆ ಎಳೆಯುವುದು. ಮೊದಲ ಪ್ರಶ್ನೆಗೆ ಉತ್ತರವೇ ಇಲ್ಲದಿದ್ದರೆ ಆ ಜಾಗ ಖಾಲಿ. ನಮ್ಮ ನಾಲೆಯ ನೋಟಿಸಿನಲ್ಲಿ ನಾಲ್ಕಕ್ಕೆ ನಾಲ್ಕೂ ಖಾಲಿ.

ಹೈಸ್ಕೂಲಿನಲ್ಲಿ ಕರ್ತರಿ, ಕರ್ಮಣಿ ಕಲಿತವರಿಗೆ ಇಲ್ಲೊಂದು ಸಂಶಯ ಬರಬಹುದು. ರಾಮನು ರಾವಣನನ್ನು ಕೊಂದನು. ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಪರೀಕ್ಷೆಯಲ್ಲಿ ಹೀಗೆ ತಿರುಗಿಸಿ ಬರೆದು ಅಂಕ ತೆಗೆದುಕೊಂಡ ಮೇಲೆ ‘ಕೊಲ್ಲಲ್ಪಟ್ಟನು’ ಎಂಬ ಮಾತನ್ನು ಬಾಯಿಬಿಟ್ಟು ಆಡಿದವರನ್ನು ನಾನಂತೂ ಕಂಡಿಲ್ಲ. ಆ ‘ಲ್ಪಡು’ ಪ್ರಯೋಗದಲ್ಲಿ ರಾವಣ ಕರ್ಮದ ಸ್ಥಾನದಿಂದ ಎದ್ದು ಬಂದು ಕರ್ತೃವಿನ ಪೀಠದಲ್ಲಿ ಕೂರುತ್ತಾನೆ, ಇಂಗ್ಲಿಷಿನಲ್ಲಿ ಆಗುವ ಹಾಗೆಯೇ. ಕಚೇರಿ ಕನ್ನಡದ ‘ಲಾಗು’ ಅದಕ್ಕಿಂತ ಚಾಲಾಕಿನದು. ‘ಅರ್ಜಿಯನ್ನು ಪರಿಶೀಲಿಸಲಾಗಿದೆ’ ಎಂಬಲ್ಲಿ ಅರ್ಜಿ ‘ಅನ್ನು’ ಹೊತ್ತುಕೊಂಡು ಕರ್ಮವಾಗಿಯೇ ಉಳಿದಿದೆ. ಪೀಠಕ್ಕೆ ಯಾರೂ ಬರಲಿಲ್ಲ. ‘ತಹಶೀಲ್ದಾರರಿಂದ ಪರಿಶೀಲಿಸಲಾಗಿದೆ’ ಎಂದು ಬೇಕಾದರೆ ಬರೆಯಬಹುದು, ಆದರೆ ಕಿವಿಗೆ ಕಿರಿಕಿರಿ. ಮಾಡಿದವರ ಹೆಸರು ಹೇಳದಿರಲೆಂದೇ ಹೊಸೆದ ಹಾಗಿರುವ ಈ ರೂಪಕ್ಕೆ ಹೆಸರು ಸೇರಿಸಿದರೆ ಅದು ಮುಗ್ಗರಿಸುವುದರಲ್ಲಿ ಸೋಜಿಗವೇನಿಲ್ಲ. ಇಂಗ್ಲಿಷ್ ಕರ್ಮಣಿಯ ಅಚ್ಚಿನಲ್ಲಿ ತಯಾರಾದ ಸಲಕರಣೆ ಇಲ್ಲಿ ಸೋಲುವುದು ಹೀಗೆ. ಅದು ಪೀಠಕ್ಕೆ ಬಂದು ಕೂತ ಕರ್ಮವನ್ನು ಹುಡುಕುತ್ತದೆ, ಇಲ್ಲಿ ಪೀಠವೇ ಬರಿದು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಡಿ.ಎನ್. ಶಂಕರ ಭಟ್ಟರು ಹಟ ಹಿಡಿದು ಬರೆದದ್ದನ್ನು ಒಪ್ಪದವರಿದ್ದಾರೆ. ಭಟ್ಟರು ಕಟ್ಟಿದ ಹೊಸ ಪದಗಳಲ್ಲಿ ಹಲವು ನನಗೂ ರುಚಿಸುವುದಿಲ್ಲ. ಆದರೆ ಕನ್ನಡಕ್ಕೆ ಪಾರ್ಸರ್ ಬರೆಯಲು ಕೂತವರು ಮಾತ್ರ ಅವರ ವಾದವನ್ನು ಎರಡನೇ ದಿನಕ್ಕೇ ಒಪ್ಪಿಕೊಳ್ಳುತ್ತಾರೆ.

‘ಲಾಗು’ವನ್ನು ಹಿಡಿಯಲು ಪಾರ್ಸರ್ ಯಾಕೆ, ‘ಲಾಗಿದೆ’ ಎಂದು ಹುಡುಕಿದರೆ ಸಾಕಲ್ಲ ಎಂದು ಕೇಳಬಹುದು. ಹುಡುಕಿ ನೋಡಿ. ‘ಬೆಳೆ ನೀರುಪಾಲಾಗಿದೆ’ ಸಿಗುತ್ತದೆ. ‘ಹವಾಮಾನ ಬದಲಾಗಿದೆ’ ಸಿಗುತ್ತದೆ. ‘ಇಳುವರಿ ಮಿಗಿಲಾಗಿದೆ’ ಸಿಗುತ್ತದೆ. ಇವು ಯಾವುವೂ ಕರ್ಮಣಿಯಲ್ಲ. ಪಾಲು, ಬದಲು, ಮಿಗಿಲು ಎಂಬ ಪದಗಳಿಗೆ ‘ಆಗು’ ಸೇರಿದೆ, ಅಷ್ಟೆ. ಪಾಲಾಗುವುದು ಬೇರೆ, ಪಾಲಿಸಲಾಗುವುದು ಬೇರೆ ಎಂದು ತಿಳಿಯಲು ಯಂತ್ರಕ್ಕೆ ಧಾತು ಯಾವುದು, ನಾಮಪದ ಯಾವುದು ಎನ್ನುವ ಜ್ಞಾನ ಬೇಕು.

ಅದಕ್ಕಿಂತ ಮೋಜಿನ ಪ್ರಸಂಗ ‘ಬಿಡಲಾಗಲಿಲ್ಲ’. ನೀರನ್ನು ಬಿಡುವ ಕೆಲಸ ನಡೆಯಲಿಲ್ಲ ಎಂದು ಅದನ್ನು ಓದಬಹುದು. ಬಿಡಬೇಕೆಂದಿದ್ದೆವು, ಆಗಲಿಲ್ಲ ಎಂದೂ ಓದಬಹುದು. ಒಂದರಲ್ಲಿ ಬಿಡದವರ ಹೊಣೆ ಇದೆ, ಇನ್ನೊಂದರಲ್ಲಿ ಅಸಹಾಯಕತೆ ಇದೆ. ರೈತನಿಗೆ ಬೇಕಾದ ಉತ್ತರ ಈ ಎರಡರಲ್ಲಿ ಯಾವುದು ಎಂಬುದೇ, ವಾಕ್ಯ ಕೊಡದೇ ಇರುವ ಉತ್ತರವೂ ಅದೇ. ಇಂಥದ್ದನ್ನು ಬರೆಯುವವರು ಬೇಕೆಂದೇ ಹೀಗೆ ಬರೆಯುತ್ತಾರೆಯೇ? ಇರಲಾರದು. ಹಿಂದಿನ ಕಡತದಲ್ಲಿ ಹೀಗಿತ್ತು, ಈ ಕಡತದಲ್ಲೂ ಹೀಗೇ ಬಂತು. ಕಚೇರಿ ಕನ್ನಡ ಹೆಚ್ಚಾಗಿ ನಕಲಿನಿಂದ ಬೆಳೆದದ್ದು.

ಯಂತ್ರ ಇದನ್ನು ಹೇಗೆ ಬಿಡಿಸಬೇಕು? ಮೊದಲು ಹೊಳೆಯುವ ಉಪಾಯ ‘ಗೆ’ ವಿಭಕ್ತಿ. ‘ನಮಗೆ ನೀರು ಬಿಡಲಾಗಲಿಲ್ಲ’ ಎಂದರೆ ನಮ್ಮ ಕೈಲಾಗಲಿಲ್ಲ ಎಂದರ್ಥ, ಹಾಗಾಗಿ ‘ಗೆ’ ಕಂಡರೆ ಅಸಹಾಯಕತೆ ಎಂದು ನಿಯಮ ಹಾಕಿಕೊಳ್ಳೋಣ. ಒಳ್ಳೆಯದೇ. ಆಮೇಲೆ ‘ರೈತರಿಗೆ ಪರಿಹಾರ ಕೊಡಲಾಗಲಿಲ್ಲ’ ಎಂಬ ವಾಕ್ಯ ಬರುತ್ತದೆ. ಇಲ್ಲೂ ‘ಗೆ’ ಇದೆ. ಯಂತ್ರ ನಿಯಮ ನಂಬಿ, ರೈತರು ಪರಿಹಾರ ಕೊಡಲು ಹೋಗಿ ಸೋತರು ಎಂದು ತಿಳಿದುಕೊಳ್ಳುತ್ತದೆ! ‘ಕೊಡು’ ಎಂಬ ಧಾತು ತನ್ನ ಜೊತೆಗೆ ಪಡೆಯುವವನೊಬ್ಬನನ್ನು ಕೇಳುತ್ತದೆ, ಆ ಪಡೆಯುವವನಿಗೂ ‘ಗೆ’ ಹತ್ತುತ್ತದೆ ಎಂದು ಅದಕ್ಕೆ ಮೊದಲೇ ಕಲಿಸಿರಬೇಕು. ಹೀಗೆ ಒಂದೊಂದು ಧಾತುವಿಗೂ ಅದರ ಬಯಕೆಗಳ ಪಟ್ಟಿ ಬೇಕು. ಪಟ್ಟಿಗೆ ಪದಕೋಶ ಬೇಕು. ಜನ ನಿಜವಾಗಿ ಬರೆದ ಸಾವಿರಾರು ವಾಕ್ಯಗಳನ್ನು ತಿಳಿದವರು ಕೂತು ಕೈಯಿಂದಲೇ ಬಿಡಿಸಿಟ್ಟ ಸಂಗ್ರಹವೂ ಬೇಕು. ಕನ್ನಡದಲ್ಲಿ ಕೊರತೆ ಇರುವುದು ಈ ಕೊನೆಯದರಲ್ಲಿ. ಪ್ರತಿಭೆಗೆ ಕೊರತೆಯಿಲ್ಲ, ಈ ಕತ್ತೆ ದುಡಿತಕ್ಕೆ ಹಣ ಕೊಡುವವರು ಕಡಿಮೆ.

ಕಚೇರಿಯನ್ನೇ ಬೈದರೆ ಸಾಲದು. ಟೀವಿ ಹಚ್ಚಿ. ‘ಪೊಲೀಸರು ಸ್ಥಳಕ್ಕೆ ಭೇಟಿ ಕೊಡುವಂತಹ ಕೆಲಸವನ್ನ ಮಾಡ್ತಾ ಇರುವಂಥದ್ದು.’ ಪೊಲೀಸರು ಬಂದರು ಎನ್ನುವ ಎರಡು ಪದಕ್ಕೆ ಇಷ್ಟು ದೊಡ್ಡ ಮೆರವಣಿಗೆ. ಕಚೇರಿಯ ಸಡಿಲಕ್ಕೂ ಟೀವಿಯ ಸಡಿಲಕ್ಕೂ ವ್ಯತ್ಯಾಸವಿದೆ. ಅಲ್ಲಿ ಮಾಡಿದವರನ್ನು ಬಚ್ಚಿಡುತ್ತಾರೆ. ಇಲ್ಲಿ ಮಾಡಿದವರು ಎದುರಿಗೇ ಇದ್ದರೂ ಕ್ರಿಯಾಪದಕ್ಕೆ ನೀರು ಸುರಿದು ತೆಳ್ಳಗೆ ಮಾಡುತ್ತಾರೆ, ಮುಂದಿನ ಮಾತು ಹೊಳೆಯುವವರೆಗೆ ಹೊತ್ತು ಕಳೆಯಲು. ‘ವಂತಹ ಕೆಲಸ’, ‘ಇರುವಂಥದ್ದು’ ಎಂಬ ಜೋಡಿಯನ್ನು ಹಿಡಿಯುವುದು ಪಾರ್ಸರಿಗೆ ಬಲು ಸುಲಭ. ಪರಿಶೀಲನೆ ಮಾಡುವ ಕಾರ್ಯ ನಡೆಸುವುದು, ಚಾಲನೆ ನೀಡುವ ಕಾರ್ಯ ಮಾಡುವುದು, ಇಂಥವೂ ಅಷ್ಟೆ: ಒಂದು ಕ್ರಿಯೆಯನ್ನು ನಾಮಪದ ಮಾಡಿ, ಅದಕ್ಕೆ ‘ಮಾಡು’ ಕಟ್ಟಿ, ಅದನ್ನು ಮತ್ತೆ ‘ಕಾರ್ಯ’ ಮಾಡಿ, ಅದಕ್ಕೆ ಇನ್ನೊಂದು ಕ್ರಿಯಾಪದ. ಗಿಡದ ಮೇಲೆ ಗಿಡ ಬೆಳೆದದ್ದನ್ನು ಯಂತ್ರ ಎಣಿಸಿ ತೋರಿಸಬಲ್ಲದು.

ಬರಹದಲ್ಲಿ ದೋಷ ಹುಡುಕುವ ಚಾಳಿ ಯಂತ್ರದಿಂದ ಬಂದದ್ದಲ್ಲ. ಸುಮಾರು 850ರ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ವಿಷಯವೇ ದೋಷ ಮತ್ತು ಅದೋಷ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅರಿಸಮಾಸವನ್ನು ಹಿಡಿದು ನಿಲ್ಲಿಸಿ, ರೂಢಿಯಲ್ಲಿ ನೆಲೆಯಾದ ಕೆಲವನ್ನು ಮಾತ್ರ ಒಳಗೆ ಬಿಟ್ಟ. ನಿಯಮ ಹಾಕುವುದು, ಅದಕ್ಕೆ ಅಪವಾದದ ಪಟ್ಟಿ ಇಡುವುದು: ಇವತ್ತಿನ ಪ್ರೋಗ್ರಾಂ ಬರೆಯುವವರೂ ಮಾಡುವುದು ಅದನ್ನೇ.

ಸಡಿಲವಿಲ್ಲದ ಕನ್ನಡ ಹೇಗಿರುತ್ತದೆ ಎಂದು ನೋಡಲು ಮದ್ದೂರಿನವರು ದೂರ ಹೋಗಬೇಕಾಗಿಲ್ಲ. ಆ ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, 949–50ರ ವೀರಗಲ್ಲಿನ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೊಂದರ ನೆನಪಿಗೆ ನಿಲ್ಲಿಸಿದ ಕಲ್ಲು ಎಂದು ಅದು ಪ್ರಸಿದ್ಧ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಕಾದಿದ. ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೆರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಒಡೆಯನ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣು ಕೊಟ್ಟರು. ಪೂಜಿಸಬೇಕಾದ ಗೊರವ ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ.

ಶಾಸನ ಹೇಳುವ ಸಂಗತಿಯನ್ನು ನನ್ನ ಮಾತಿನಲ್ಲಿ ಹೇಳಿದ್ದೇನೆ. ಯಾರು ಯಾರನ್ನು ಕೊಂದರು, ಏನು ಕೊಟ್ಟರು, ಎಲ್ಲಿ, ಎಷ್ಟು, ತಪ್ಪಿದರೆ ಹೊಣೆ ಯಾರ ತಲೆಗೆ, ಎಲ್ಲವೂ ಇದೆ. ರಾಜರ ಬಿರುದುಗಳ ಭಾಗದಲ್ಲಿ ಆ ಕಲ್ಲೂ ಬೇಕಾದಷ್ಟು ಉಬ್ಬುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. 1894ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಈ ಸೀಮೆಯ ಶಾಸನ ಸಂಪುಟವನ್ನು ಮಗುಚಿದರೂ ಬಿರುದಿನ ಉಬ್ಬರಕ್ಕೆ ಬರವಿಲ್ಲ. ಆದರೆ ನೆಲ, ನೀರು, ತೆರಿಗೆಯ ಮಾತು ಬಂದ ಕೂಡಲೇ ಭಾಷೆ ಬಿಗಿಯಾಗುತ್ತದೆ. ಇವತ್ತು ಸರಿಯಾಗಿ ತಿರುವುಮುರುವು: ಸನ್ಮಾನಪತ್ರದಲ್ಲಿ ಹೆಸರು, ಹುದ್ದೆ ಎಲ್ಲ ಖಚಿತ, ನೀರಿನ ನೋಟಿಸಿನಲ್ಲಿ ಯಾರೂ ಇಲ್ಲ.

ಇಷ್ಟರಿಂದ ‘ಲಾಗು’ ಎಲ್ಲ ಕಡೆಯೂ ಕೆಟ್ಟದ್ದು ಎಂದು ತೀರ್ಮಾನಿಸಿದರೆ ಅವಸರವಾದೀತು. ತಾಲ್ಲೂಕು ಕಚೇರಿಯ ಕಾಂಪೌಂಡಿನ ಬದಿಯಲ್ಲಿ ಅರ್ಜಿ ಬರೆದುಕೊಡುವವರ ಪಕ್ಕ ಒಂದು ಗಳಿಗೆ ಕೂತರೆ ಈ ಬಗೆಯ ಮಾತುಕತೆ ಕಿವಿಗೆ ಬೀಳುತ್ತದೆ.

‘ಮ್ಯಾಲ್ಗಡೆಯೋರು ನಾಲೆಗೆ ಅಡ್ಡ ಹಾಕವ್ರೆ ಕಣಣ್ಣ. ನಮ್ ತೂಬ್ಗೆ ಒಂದ್ ತೊಟ್ಟು ಬತ್ತಾ ಇಲ್ಲ. ಸೌಡಿಗೆ ಹೇಳುದ್ರೆ ಅಂವ ಇತ್ತಗೆ ತಲೆನೇ ಹಾಕ್ನಿಲ್ಲ.’

ಬರೆಯುವವರು ತಲೆದೂಗುತ್ತ ಬರೆಯುತ್ತಾರೆ. ಕಾಗದದ ಮೇಲೆ ಮೂಡುವುದು: ‘ಸದರಿ ತೂಬಿಗೆ ಸಮರ್ಪಕವಾಗಿ ನೀರು ಹರಿಸಲಾಗುತ್ತಿಲ್ಲವಾದ್ದರಿಂದ ಬೆಳೆಗೆ ತೊಂದರೆಯಾಗಿರುತ್ತದೆ. ಆದ್ದರಿಂದ ತಾವು ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ.’

‘ಅಡ್ಡ ಹಾಕವ್ರೆ ಅಂತ ಬರುದ್ರಾ ಅಣ್ಣ?’

‘ಇಲ್ಲ ಕಣಪ್ಪ. ಬರುದ್ರೆ ನಾಳೆ ಅವ್ರ ಮಕ ನೋಡ್ಬೇಕಾದೋನು ನೀನೇ. ಅವ್ರ ಗದ್ದೆ ಬದಿನಲ್ಲೇ ಅಲ್ವಾ ನೀನು ಓಡಾಡೋದು?’

ರೈತ ಸುಮ್ಮನಾಗುತ್ತಾನೆ. ಯಾಕೆಂದರೆ ಮಾತು ನಿಜ. ರೈತನ ಬಾಯಲ್ಲಿ ಅಡ್ಡ ಹಾಕಿದವರಿದ್ದರು, ತಲೆ ಹಾಕದ ಸೌಡಿ, ಅಂದರೆ ನೀರುಗಂಟಿ, ಇದ್ದ. ಅರ್ಜಿಗೆ ಬರುವ ಹೊತ್ತಿಗೆ ಅವರೆಲ್ಲ ಮಾಯವಾದರು. ಪಾರ್ಸರ್ ಈ ಅರ್ಜಿಯನ್ನೂ ನಾಲೆಯ ನೋಟಿಸನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತದೆ: ಎರಡರಲ್ಲೂ ಪೀಠ ಖಾಲಿ, ಎರಡಕ್ಕೂ ಗುರುತು. ಆದರೆ ಒಂದು ಕಡೆ ಅಧಿಕಾರ ಇದ್ದವರು ಖಾಲಿ ಬಿಟ್ಟಿದ್ದಾರೆ, ಇನ್ನೊಂದು ಕಡೆ ಅಧಿಕಾರ ಇಲ್ಲದವನು. ಒಬ್ಬರಿಗೆ ಅದು ನುಣುಚಿಕೊಳ್ಳುವ ದಾರಿ, ಇನ್ನೊಬ್ಬನಿಗೆ ಊರಲ್ಲಿ ಬಾಳುವ ದಾರಿ. ಈ ವ್ಯತ್ಯಾಸ ವಾಕ್ಯದೊಳಗೆ ಎಲ್ಲೂ ಇಲ್ಲ, ಹಾಗಾಗಿ ವಾಕ್ಯವನ್ನು ಎಷ್ಟು ಬಿಡಿಸಿದರೂ ಯಂತ್ರಕ್ಕೆ ಸಿಗುವುದಿಲ್ಲ. ಇಂಥ ಸಲಕರಣೆ ವಾಕ್ಯವನ್ನು ತಿದ್ದಬಾರದು, ಪ್ರಶ್ನೆ ಕೇಳಿ ಸುಮ್ಮನಾಗಬೇಕು ಎಂದು ನಾನು ಹೇಳುವುದು ಇದಕ್ಕೇ.

ಪತ್ರಿಕೆಯವರದ್ದೂ ಒಂದು ಸಮರ್ಥನೆ ಇದೆ. ‘ಹಣ ದುರುಪಯೋಗ ಮಾಡಿದ್ದಾರೆ ಎನ್ನಲಾಗಿದೆ’ ಎಂಬುದರ ಕೊನೆಯ ಪದ ಕಿತ್ತುಹಾಕಿದರೆ ವಾಕ್ಯ ಗಟ್ಟಿಯಾಗುತ್ತದೆ, ಮಾರನೆಯ ದಿನ ಮಾನನಷ್ಟದ ನೋಟಿಸೂ ಬರುತ್ತದೆ. ಆರೋಪ ಇನ್ನೂ ಆರೋಪವಾಗಿರುವ ತನಕ ಆ ಪದ ಇರಲೇಬೇಕು. ಹಾಗೆಂದು ‘ನಗರದಲ್ಲಿ ಭಾರಿ ಮಳೆಯಾಗಿದೆ ಎನ್ನಲಾಗಿದೆ’ ಎಂದು ಬರೆಯುವ ವರದಿಗಾರರನ್ನು ಏನು ಮಾಡೋಣ? ಕಿಟಕಿ ತೆಗೆದು ನೋಡಿದ್ದರೆ ಸಾಕಿತ್ತು.

ಯಂತ್ರ ಬರುವ ಮೊದಲು ಕನ್ನಡಕ್ಕೆ ಈ ಕೆಲಸ ಮಾಡಿದವರಲ್ಲಿ ದೊಡ್ಡ ಹೆಸರು ಮಂಡ್ಯ ಜಿಲ್ಲೆಯದೇ. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ 1913ರಲ್ಲಿ ಹುಟ್ಟಿ, ವೃತ್ತಿಯ ಆರಂಭದಲ್ಲಿ ಮಂಡ್ಯದ ಹೈಸ್ಕೂಲಿನಲ್ಲೇ ಮೇಷ್ಟರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಹೊಣೆ ಹೊತ್ತವರು. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಶುರು ಮಾಡಿ ವರ್ಷಗಟ್ಟಲೆ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ನಾನು ಅವರ ಉತ್ತರಗಳಲ್ಲಿ ಮೆಚ್ಚುವುದು ಅವು ತೀರ್ಪು ಕೊಡುವ ರೀತಿ: ಈ ರೂಪ ಶಾಸ್ತ್ರಕ್ಕೆ ಸರಿ, ಆ ರೂಪ ಬಳಕೆಯಲ್ಲಿ ನಿಂತಿದೆ ಎಂದು ಎರಡನ್ನೂ ಮುಂದಿಡುತ್ತಿದ್ದರು. 2021ರ ಏಪ್ರಿಲ್ 19ರಂದು 107ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ನಾಡಿಗೆ ಅವರೇ ಕೊನೆಯ ಕೋರ್ಟು. ಅದೇ ಜಿಲ್ಲೆಯ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರ ಗದ್ಯವನ್ನು ಯಾವ ಸಲಕರಣೆಗೆ ಹಾಕಿದರೂ ಹಸಿರು ಗುರುತು ಬೀಳುವುದು ಅಪರೂಪ ಎಂದು ನನ್ನ ಪಂಥ. ಮಾತಾಡಿದ ಹಾಗೆ ಬರೆದವರು ಅವರು.

ಚಾಟ್‌ಜಿಪಿಟಿಯಂಥವು ಬಂದ ಮೇಲೆ ಪಾರ್ಸರ್ ಇನ್ನು ಯಾಕೆ ಎನ್ನುವವರಿದ್ದಾರೆ. ‘ನಾಲೆಗೆ ನೀರು ಬಂದಿಲ್ಲ, ಒಂದು ಅರ್ಜಿ ಬರೆದುಕೊಡು’ ಎಂದು ಅವುಗಳನ್ನೇ ಕೇಳಿ ನೋಡಿ. ಕಾಂಪೌಂಡಿನ ಬದಿಯ ಬರಹಗಾರರಿಗಿಂತ ಹೆಚ್ಚು ‘ಸಮರ್ಪಕ’, ‘ಸೂಕ್ತ’, ‘ಸದರಿ’ ಬಂದು ಬೀಳುವ ಸಂಭವವೇ ಹೆಚ್ಚು. ಅವು ಓದಿ ಕಲಿತ ಕನ್ನಡದಲ್ಲಿ ಕಚೇರಿ ಧಾಟಿಯ ಬರಹ, ಅನುವಾದದ ಕನ್ನಡ ಹೆಚ್ಚು, ಮಳವಳ್ಳಿಯ ಮಾತು ಕಡಿಮೆ ಇರಬೇಕು. ಸಡಿಲವನ್ನು ತಿಂದು ಬೆಳೆದ ಯಂತ್ರ ಸಡಿಲವನ್ನು ಹೇಗೆ ಹಿಡಿದೀತು? ನಿಯಮ ಬರೆದು, ವಾಕ್ಯ ಬಿಡಿಸಿ, ಖಾಲಿ ಜಾಗ ತೋರಿಸುವ ಹಳೆಯ ಪದ್ಧತಿಯ ಯಂತ್ರ ದಡ್ಡನಾದರೂ ಈ ಒಂದು ವಿಷಯದಲ್ಲಿ ಪ್ರಾಮಾಣಿಕ.

ಇನ್ನೊಂದು ತೊಡಕು ತೀರಾ ಲೌಕಿಕದ್ದು. ಹಳೆಯ ಕಡತಗಳಲ್ಲಿ ಹಲವು ಯುನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿವೆ. ಪರದೆಯ ಮೇಲೆ ಕನ್ನಡವಾಗಿ ಕಾಣುವ ಆ ಅಕ್ಷರಗಳು ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂಚಲು. ಪಾರ್ಸರ್ ಹಾಗಿರಲಿ, ಸಾದಾ ಹುಡುಕಾಟಕ್ಕೂ ಅವು ದಕ್ಕುವುದಿಲ್ಲ, ಮೊದಲು ಪರಿವರ್ತಿಸಿಕೊಳ್ಳಬೇಕು. ಹೊಸ ನೋಟಿಸುಗಳಾದರೋ ಸಹಿ, ಮೊಹರು ಬಿದ್ದ ಕಾಗದದ ಫೋಟೊ ಆಗಿ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತವೆ. ಅವುಗಳಲ್ಲಿ ಅಕ್ಷರವೇ ಇಲ್ಲ, ಅಕ್ಷರದ ಚಿತ್ರ ಇದೆ. ಆದ್ದರಿಂದ ಸಡಿಲ ಹಿಡಿಯುವುದಿದ್ದರೆ ಅದು ಕಾಗದ ಅಚ್ಚಾಗುವ ಮೊದಲೇ, ಬರೆಯುವವರ ಕಂಪ್ಯೂಟರಿನಲ್ಲೇ ಆಗಬೇಕು.

ಕರ್ನಾಟಕದಲ್ಲಿ ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಕಚೇರಿಗೆ ಕನ್ನಡ ಬಂತು, ಆದರೆ ಬಂದ ಕನ್ನಡ ಇಂಗ್ಲಿಷ್ ಕಡತದ ನೆರಳಾಗಿ ಬಂತು. 2024ರ ಡಿಸೆಂಬರ್ 20ರಿಂದ 22ರವರೆಗೆ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. 1974, 1994ರ ನಂತರ ಆ ಊರಿಗೆ ಅದು ಮೂರನೆಯದು. ಊಟದ ಎಲೆಯ ಮೇಲೆ ಬಾಡು ಇರಬೇಕೇ ಬೇಡವೇ ಎಂದು ಆಗ ನಡೆದ ಚರ್ಚೆಯ ಕಾಲು ಭಾಗವಾದರೂ ಕಚೇರಿಯ ಕಾಗದದಲ್ಲಿ ಮನುಷ್ಯರು ಇರಬೇಕೇ ಬೇಡವೇ ಎಂಬುದರ ಬಗ್ಗೆ ನಡೆಯಬೇಕಿತ್ತು. ಆ ಬಾಡೂಟದ ಚರ್ಚೆಯಲ್ಲಾದರೂ ಯಾರು ಏನು ಹೇಳಿದರು ಎಂಬುದು ಸ್ಪಷ್ಟವಾಗಿತ್ತು ಎನ್ನುವುದನ್ನು ಒಪ್ಪಬೇಕು.

ಪೂರ್ತಿ ಪಾರ್ಸರ್ ಕನ್ನಡಿಗರ ಮೇಜಿಗೆ ಬರುವ ತನಕ ಕಾಯಬೇಕಾಗಿಲ್ಲ. ನೋಟಿಸು ಕರಡು ಮಾಡುವ ಗುಮಾಸ್ತರಲ್ಲಿ, ಪಂಚಾಯಿತಿಯ ಕಾರ್ಯದರ್ಶಿಗಳಲ್ಲಿ, ಕೊನೆಗೆ ಸಹಿ ಹಾಕುವ ಅಧಿಕಾರಿಗಳಲ್ಲಿ ಒಂದು ಮನವಿ. ಕರಡು ಯುನಿಕೋಡಿನಲ್ಲಿದ್ದರೆ ಕಂಟ್ರೋಲ್ ಮತ್ತು ಎಫ್ ಒತ್ತಿ. ‘ಲಾಗ’ ಎಂದು ಟೈಪ್ ಮಾಡಿ, ಆಮೇಲೆ ‘ಲಾಯಿತು’, ಆಮೇಲೆ ‘ಲ್ಪಟ್’. ಬದಲಾಗಿದೆ, ಪಾಲಾಗಿದೆ ಎಂಬಂಥವು ಸಿಕ್ಕರೆ ಬಿಟ್ಟು ಮುಂದೆ ಹೋಗಿ. ಉಳಿದ ಪ್ರತಿಯೊಂದರ ಮುಂದೆಯೂ ಯಾರು, ಯಾವ ದಿನ ಎಂದು ಕೇಳಿಕೊಳ್ಳಿ. ಉತ್ತರ ಗೊತ್ತಿದ್ದರೆ ಬರೆಯಿರಿ: ‘ಸಹಾಯಕ ಎಂಜಿನಿಯರ್ 14ನೇ ತಾರೀಖು ಗುರುವಾರ ಬೆಳಿಗ್ಗೆ ತೂಬು ಎತ್ತಿಸುತ್ತಾರೆ’ ಎಂಬಷ್ಟು ಸರಳವಾಗಿ. ಗೊತ್ತಿಲ್ಲದಿದ್ದರೆ ನೋಟಿಸು ಅಚ್ಚಿಗೆ ಕಳಿಸುವ ಮೊದಲು ಮೇಲಿನವರನ್ನು ಕೇಳಿ. ಒಂದು ಪುಟಕ್ಕೆ ಇದು ಐದು ನಿಮಿಷದ ಕೆಲಸ.